ಮಂಡಿಯೂರುವ ದಿನ, ನೆಟ್ಟಗೆ ನಿಲ್ಲುವ ದಿನ: ಅರಾಮಿಕ್ ಕ್ರೈಸ್ತರ ಪ್ರಾರ್ಥನೆ ನಡೆಯುವ ಬಗೆ

ಕ್ರಿ.ಶ. 325ರಲ್ಲಿ ಇಂದಿನ ಟರ್ಕಿಯ ಇಜ್ನಿಕ್‌ನಲ್ಲಿ, ಅಂದರೆ ಆಗಿನ ನಿಸಿಯಾ ಪಟ್ಟಣದಲ್ಲಿ, ಕ್ರೈಸ್ತ ಬಿಷಪರ ದೊಡ್ಡ ಸಭೆ ಸೇರಿತು. ಕ್ರಿಸ್ತನು ದೇವರಿಗೆ ಸಮಾನನೇ ಅಲ್ಲವೇ ಎಂಬ ವಿವಾದ ತೀರಿಸುವುದು ಸಭೆಯ ಮುಖ್ಯ ಕೆಲಸವಾಗಿತ್ತು. ಅದರ ಜೊತೆಗೆ 20 ನಿಯಮಗಳನ್ನೂ ಅಲ್ಲಿ ಮಾಡಿದರು. ಇಪ್ಪತ್ತನೆಯದು ಮಂಡಿಗೆ ಸಂಬಂಧಿಸಿದ್ದು. ಭಾನುವಾರಗಳಲ್ಲಿ, ಹಾಗೆಯೇ ಈಸ್ಟರ್‌ನಿಂದ ಪಂಚಾಶತ್ತಮ ಹಬ್ಬದವರೆಗಿನ ಐವತ್ತು ದಿನಗಳಲ್ಲಿ, ಯಾರೂ ಮಂಡಿಯೂರಬಾರದು, ನಿಂತೇ ಪ್ರಾರ್ಥಿಸಬೇಕು, ಎಲ್ಲ ಊರುಗಳಲ್ಲೂ ಇದೇ ಕ್ರಮ ಇರಲಿ ಎಂದು ಆ ನಿಯಮ ಹೇಳುತ್ತದೆ. ದೇವರ ಸ್ವರೂಪ ಚರ್ಚಿಸಲು ಕೂತ ಸಭೆ ಭಕ್ತರ ಮೊಣಕಾಲಿನ ಬಗ್ಗೆಯೂ ತೀರ್ಮಾನ ಕೊಟ್ಟಿತೆಂದರೆ, ಆ ಕಾಲದವರಿಗೆ ಪ್ರಾರ್ಥನೆ ಬಾಯಿ ಮತ್ತು ಮನಸ್ಸಿನ ಕೆಲಸ ಮಾತ್ರ ಆಗಿರಲಿಲ್ಲ.

ಪಶ್ಚಿಮದ ಚರ್ಚುಗಳಲ್ಲಿ ಬೆಂಚುಗಳು ಬಂದವು, ಜನ ಕೂತರು, ಈ ನಿಯಮ ಹೆಚ್ಚುಕಡಿಮೆ ಮರೆತುಹೋಯಿತು. ಯಾವ ದಿನ ನಿಲ್ಲಬೇಕು, ಯಾವ ದಿನ ನೆಲಕ್ಕೆ ಹಣೆ ತಾಗಿಸಬೇಕು, ಯಾವ ದಿಕ್ಕಿಗೆ ಮುಖ ಮಾಡಬೇಕು, ಕೈ ಹೇಗಿರಬೇಕು ಎಂಬುದನ್ನೆಲ್ಲ ಇಂದಿಗೂ ಬಿಡದೆ ಪಾಲಿಸುವವರಲ್ಲಿ ಅರಾಮಿಕ್ ಪರಂಪರೆಯ ಕ್ರೈಸ್ತರು ಮುಖ್ಯರು. ಅವರ ಒಂದು ಕವಲು ಕೇರಳದಲ್ಲಿದೆ, ಅಲ್ಲಿಂದ ನಮ್ಮ ಕರಾವಳಿ ಮತ್ತು ಮಲೆನಾಡಿಗೂ ಬಂದಿದೆ.

ಮೊದಲು ಭಾಷೆಯ ವಿಷಯ. ಯೇಸು ಮನೆಯಲ್ಲಿ, ಬೀದಿಯಲ್ಲಿ ಆಡಿದ್ದು ಗಲಿಲಾಯ ಸೀಮೆಯ ಅರಾಮಿಕ್. ಆದರೆ ಸುವಾರ್ತೆಗಳು ನಮಗೆ ಸಿಕ್ಕಿರುವುದು ಗ್ರೀಕ್ ಭಾಷೆಯಲ್ಲಿ. ಅಬ್ಬಾ, ಎಫ್ಫಥಾ, ತಲಿಥಾ ಕೂಮ್ ಎಂಬಂಥ ಕೆಲವೇ ಅರಾಮಿಕ್ ಮಾತುಗಳು ಆ ಗ್ರೀಕಿನ ನಡುವೆ ಹಾಗೆಯೇ ಉಳಿದಿವೆ. ಸಿರಿಯಾಕ್ ಎಂದು ಕರೆಯುವುದು ಅರಾಮಿಕ್‌ನ ಇನ್ನೊಂದು ಬಗೆಯನ್ನು. ಅದು ಎಡೆಸ್ಸಾ ನಗರದ, ಅಂದರೆ ಇಂದಿನ ಟರ್ಕಿಯ ಊರ್ಫಾದ ಮಾತು. 22 ಅಕ್ಷರ, ಬಲದಿಂದ ಎಡಕ್ಕೆ ಬರವಣಿಗೆ. ಎಡೆಸ್ಸಾ, ನಿಸಿಬಿಸ್ ನಗರಗಳಿಂದ ಹೊರಟು ಈ ಭಾಷೆ ಪರ್ಷಿಯಾ ದಾಟಿ ಮಲಬಾರಿನವರೆಗೂ ಕ್ರೈಸ್ತರ ಪೂಜಾಭಾಷೆ ಆಯಿತು. ಪೂರ್ವ ಶಾಖೆಯವರು ದೇವರನ್ನು ಅಲಾಹಾ ಎಂದರೆ ಪಶ್ಚಿಮ ಶಾಖೆಯವರು ಅಲೋಹೋ ಎನ್ನುತ್ತಾರೆ. ಬರಹ ಒಂದೇ, ಉಚ್ಚಾರ ಬೇರೆ. ಈ ಲೇಖನದಲ್ಲಿ ಬರುವ ಹೆಸರುಗಳು ಬಹುತೇಕ ಪಶ್ಚಿಮದ ಉಚ್ಚಾರದವು, ಏಕೆಂದರೆ ಕರ್ನಾಟಕದ ಆರ್ಥೊಡಾಕ್ಸ್ ಇಗರ್ಜಿಗಳಲ್ಲಿ ಕಿವಿಗೆ ಬೀಳುವುದು ಅದೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ‘ಯೇಸುವಿನ ಮೂಲ ಅರಾಮಿಕ್ ಪ್ರಾರ್ಥನೆ’ ಎಂಬ ಹೆಸರಲ್ಲಿ, ಅವನು ಶಿಷ್ಯರಿಗೆ ಕಲಿಸಿದ ಪರಲೋಕ ಪ್ರಾರ್ಥನೆಯ ಒಂದೊಂದು ಪದವನ್ನೂ ಹಿಗ್ಗಿಸಿ, ಅದರಲ್ಲಿ ಬ್ರಹ್ಮಾಂಡ, ಕಂಪನ, ಉಸಿರು ಎಂದೆಲ್ಲ ಅರ್ಥ ಹೇಳಿ, ಅದಕ್ಕೆ ತಕ್ಕ ಅಂಗಚಲನೆ ಕಲಿಸುವ ಶಿಬಿರಗಳು ಹಲವು ದೇಶಗಳಲ್ಲಿ ನಡೆಯುತ್ತಿವೆ. ಯೇಸು ಹೇಳಿದ ಅರಾಮಿಕ್ ಪಾಠವನ್ನು ಆಗಲೇ ಬರೆದಿಟ್ಟ ಪ್ರತಿ ಯಾವುದೂ ಉಳಿದಿಲ್ಲ. ಈಗ ಹಾಡುವ ಸಿರಿಯಾಕ್ ಪಾಠ ಪೆಶಿತ್ತಾ ಎಂಬ ಬೈಬಲ್‌ನದು. ಅದರ ಹೊಸ ಒಡಂಬಡಿಕೆ ಗ್ರೀಕಿನಿಂದ ಸಿರಿಯಾಕ್‌ಗೆ ಆದ ಅನುವಾದ. ಆ ಶಿಬಿರಗಳ ಧ್ಯಾನದಿಂದ ಯಾರಿಗಾದರೂ ನೆಮ್ಮದಿ ಸಿಕ್ಕರೆ ಸಂತೋಷವೇ. ಆದರೆ ಅದು ಇತ್ತೀಚಿನ ರಚನೆ. ಸಾವಿರದಾರುನೂರು ವರ್ಷಗಳಿಂದ ತಲೆಮಾರಿನಿಂದ ತಲೆಮಾರಿಗೆ ಮೈಯಿಂದಲೇ ಕಲಿತು ಬಂದ ಪ್ರಾರ್ಥನಾಕ್ರಮ ಕಣ್ಣೆದುರೇ ಇರುವಾಗ, ಹೊಸದನ್ನು ಹಳೆಯದೆಂದು ಕೊಡುವುದು ಆ ಜನರಿಗೆ ಮಾಡುವ ಅನ್ಯಾಯ ಎಂದೇ ನನಗೆ ಅನ್ನಿಸುತ್ತದೆ.

ಆ ಹಳೆಯ ಕ್ರಮದ ಮೊದಲ ಅಂಶ ನಿಲ್ಲುವುದು. ಆದಿ ಕ್ರೈಸ್ತರ ಸಹಜ ಭಂಗಿ ಅದು: ನೆಟ್ಟಗೆ ನಿಂತು, ಎರಡೂ ಕೈ ಎತ್ತಿ, ಅಂಗೈ ತೆರೆದು, ಪೂರ್ವಕ್ಕೆ ಮುಖ ಮಾಡುವುದು. ರೋಮಿನ ಪ್ರಿಸ್ಕಿಲ್ಲಾ ನೆಲಮಾಳಿಗೆ ಸಮಾಧಿಗಳಲ್ಲಿ, 3ನೇ ಶತಮಾನದ ಗೋಡೆಚಿತ್ರದಲ್ಲಿ, ಮುಸುಕು ಹೊದ್ದ ಹೆಂಗಸೊಬ್ಬಳು ಹೀಗೆಯೇ ಕೈ ಚಾಚಿ ನಿಂತಿದ್ದಾಳೆ. ಉತ್ತರ ಆಫ್ರಿಕಾದ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ 200ರ ಸುಮಾರಿಗೆ ಬರೆಯುತ್ತ, ಕೈಗಳನ್ನು ತೀರಾ ಮೇಲಕ್ಕೆ ಎತ್ತದೆ ವಿನಯದಿಂದ ಎತ್ತಬೇಕು ಎಂದ. ಪ್ರಾರ್ಥನೆ ಮುಗಿದ ತಕ್ಷಣ ಕೂತುಬಿಡುವವರ ಮೇಲೆ ಅವನಿಗೆ ಸಿಟ್ಟು. ಅವನ ನಂತರದ ಒರಿಗೆನ್ ಇನ್ನೂ ಆಳಕ್ಕೆ ಹೋದ. ಕೈ ಚಾಚಿ ಕಣ್ಣೆತ್ತಿ ನಿಲ್ಲುವ ಭಂಗಿಯೇ ಮಿಕ್ಕೆಲ್ಲಕ್ಕಿಂತ ಮೇಲು, ಏಕೆಂದರೆ ಪ್ರಾರ್ಥನೆಯ ಹೊತ್ತಿಗೆ ಆತ್ಮ ಹೇಗಿರಬೇಕೋ ಅದರ ರೂಪವನ್ನು ಆಗ ಶರೀರ ಹೊರುತ್ತದೆ ಎಂಬುದು ಅವನ ವಾದ. ಕಾಯಿಲೆಯವರು ಕೂತು ಅಥವಾ ಮಲಗಿ ಪ್ರಾರ್ಥಿಸಬಹುದು ಎಂದೂ, ಪಾಪ ಅರಿಕೆ ಮಾಡುವಾಗ ಮಂಡಿಯೂರಬೇಕು ಎಂದೂ ಸೇರಿಸಿದ.

ಸಿರಿಯಾಕ್ ನಾಡಿನಲ್ಲಿ ಈ ಚಾಚಿದ ಕೈಗೆ ಇನ್ನೂ ಒಂದು ಅರ್ಥ ಕೂಡಿತು. ‘ಸೊಲೊಮೋನನ ಗೀತೆಗಳು’ ಎಂಬ 42 ಹಾಡುಗಳ ಬಹಳ ಹಳೆಯ ಸಂಕಲನವಿದೆ. ಅದರಲ್ಲಿ ಭಕ್ತ ಕೈ ಚಾಚಿದಾಗ ಅವನ ದೇಹವೇ ಶಿಲುಬೆಯ ಗುರುತಾಗುತ್ತದೆ. ಮರದ್ದೋ ಲೋಹದ್ದೋ ಶಿಲುಬೆ ಎದುರಿಗೆ ಬೇಕಿಲ್ಲ.

ಪೂರ್ವ ದಿಕ್ಕಿನ ಕಟ್ಟಳೆಯೂ ಅಷ್ಟೇ ಹಳೆಯದು. ಸಿರಿಯಾದಲ್ಲಿ 3ನೇ ಶತಮಾನದಲ್ಲಿ ರೂಪುಗೊಂಡ ‘ದಿದಸ್ಕಾಲಿಯಾ’ ಎಂಬ ಚರ್ಚ್ ನಿಯಮಗಳ ಪುಸ್ತಕ, ಜನರೆಲ್ಲ ಎದ್ದು ನಿಂತು ಪೂರ್ವಕ್ಕೆ ಮುಖ ಮಾಡಿ ಪ್ರಾರ್ಥಿಸಬೇಕು ಎಂದು ವಿಧಿಸುತ್ತದೆ. ಏದೆನ್ ತೋಟ ಪೂರ್ವದಲ್ಲಿತ್ತು, ಕ್ರಿಸ್ತ ಮರಳಿ ಬರುವುದು ಪೂರ್ವದಿಂದ ಹೊಳೆಯುವ ಮಿಂಚಿನ ಹಾಗೆ ಎಂಬುದು ಇದಕ್ಕೆ ಕೊಡುವ ಕಾರಣ. ಕಳೆದುಕೊಂಡ ಮನೆಯೂ ಅತ್ತಲೇ, ಬರಲಿರುವವನೂ ಅತ್ತಲಿಂದಲೇ. ಹಾಗಾಗಿ ಸಿರಿಯಾಕ್ ಪರಂಪರೆಯ ಮನೆಗಳಲ್ಲೂ ಪೂರ್ವದ ಗೋಡೆಗೆ ಶಿಲುಬೆ ಇಡುವ ಪದ್ಧತಿ ಬೆಳೆಯಿತು.

ಈಗ ಒಂದು ಪ್ರಾರ್ಥನೆಯನ್ನು ಹತ್ತಿರದಿಂದ ನೋಡೋಣ. ಪಶ್ಚಿಮ ಸಿರಿಯಾಕ್ ಕ್ರಮದಲ್ಲಿ ದಿನಕ್ಕೆ ಏಳು ಹೊತ್ತಿನ ಪ್ರಾರ್ಥನೆ. ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ರಮ್ಶೋ ಸಂಜೆಯದು, ಸೂತೋರೋ ಮಲಗುವ ಮುಂಚಿನದು, ಲಿಲ್ಯೋ ನಡುರಾತ್ರಿಯದು, ಸಫ್ರೋ ಬೆಳಗಿನದು. ಆಮೇಲೆ ಮೂರನೇ, ಆರನೇ, ಒಂಬತ್ತನೇ ಗಂಟೆಯವು, ಅಂದರೆ ನಮ್ಮ ಲೆಕ್ಕದಲ್ಲಿ ಬೆಳಿಗ್ಗೆ 9, ಮಧ್ಯಾಹ್ನ 12, ಮಧ್ಯಾಹ್ನ 3. ವಾರದ ದಿನಗಳಿಗೆ ಬೇಕಾದ ಪಾಠಗಳಿರುವ ಪುಸ್ತಕದ ಹೆಸರು ಶ್ಹೀಮೋ.

ಪ್ರತಿ ಹೊತ್ತಿನ ಪ್ರಾರ್ಥನೆಯಲ್ಲೂ ಕೌಮಾ ಎಂಬ ಭಾಗ ಬರುತ್ತದೆ. ಭಕ್ತರು ಪೂರ್ವಕ್ಕೆ ತಿರುಗಿ ನಿಂತು ಶಿಲುಬೆ ಗುರುತು ಹಾಕುತ್ತಾರೆ. ಬಲಗೈ ಹಣೆಗೆ, ಎದೆಗೆ, ಎಡ ಹೆಗಲಿಗೆ, ಅಲ್ಲಿಂದ ಬಲ ಹೆಗಲಿಗೆ. ದೇವರು ಪವಿತ್ರ, ಬಲಶಾಲಿ, ಮರಣವಿಲ್ಲದವನು ಎಂಬ ಮೂರು ಹೊಗಳಿಕೆಗಳನ್ನು ಹೇಳುತ್ತಾರೆ. ಅದರ ಕೊನೆಗೆ ನಮಗೋಸ್ಕರ ಶಿಲುಬೆಗೆ ಏರಿದವನೇ ಕರುಣಿಸು ಎಂಬ ಮೊರೆ ಸೇರುತ್ತದೆ. ಆ ಮಾತು ಬಂದಾಗ ಮತ್ತೆ ಶಿಲುಬೆ ಗುರುತು, ಹಿಂದೆಯೇ ತಲೆ ಬಾಗುವುದು. ಮಂಡಿಯೂರಬಹುದಾದ ದಿನವಾದರೆ ಬಾಗುವ ಬದಲು ಎರಡೂ ಮಂಡಿ, ಎರಡೂ ಅಂಗೈ ನೆಲಕ್ಕೆ ಊರಿ, ಹಣೆ ನೆಲಕ್ಕೆ ಮುಟ್ಟಿಸಿ, ಕೂಡಲೇ ಎದ್ದು ನೆಟ್ಟಗೆ ನಿಲ್ಲುತ್ತಾರೆ. ಇಡೀ ಮಾತು ಮೂರು ಸಲ, ಮೈಯೂ ಮೂರು ಸಲ ಕೆಳಗೆ ಹೋಗಿ ಮೇಲೆ ಬರುತ್ತದೆ. ಆಮೇಲೆ ಕೈ ಚಾಚಿ ಪರಲೋಕ ಪ್ರಾರ್ಥನೆ. ರೂಢಿಯಾದವರಿಗೆ ಇದಕ್ಕೆಲ್ಲ ಕೆಲವೇ ನಿಮಿಷ ಸಾಕು. ಹೀಗೆ ನೆಲಕ್ಕೆ ಬೀಳುವುದಕ್ಕೆ ಸಿರಿಯಾಕ್‌ನಲ್ಲಿ ಸೆಗ್ದ್ತೋ ಎನ್ನುತ್ತಾರೆ, ಕೇರಳದವರ ಮಾತಿನಲ್ಲಿ ಅದು ಕುಂಬಿಡೀಲ್. ನಮ್ಮ ದೀರ್ಘದಂಡ ನಮಸ್ಕಾರದ ಹಾಗೆ ಉದ್ದಕ್ಕೆ ಮಲಗುವುದಿಲ್ಲ. ಮಸೀದಿಯ ಸಜ್ದಾ ನೋಡಿದವರಿಗೆ ಇದರ ಆಕಾರ ಬೇಗ ಗೊತ್ತಾಗುತ್ತದೆ. ಎರಡು ಹೆಸರುಗಳ ಧಾತುವೂ ಒಂದೇ.

ಭಾಷೆಯ ರಚನೆ ಮೈಯ ಚಲನೆಗೆ ಹೇಗೆ ಕೂಡಿಕೊಂಡಿದೆ ಎಂಬುದು ಇಲ್ಲಿ ತಿಳಿಯುತ್ತದೆ. ಅರಾಮಿಕ್‌ನಲ್ಲಿ ಬಹುತೇಕ ಪದಗಳು ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ಏಳು, ನಿಲ್ಲು ಎಂಬ ಧಾತುವಿನಿಂದ ಕೌಮಾ ಬಂದಿದೆ. ಸತ್ತ ಹುಡುಗಿಗೆ ಯೇಸು ಹೇಳಿದ ಕೂಮ್ ಎಂಬ ಮಾತು ಅದೇ. ಸತ್ತವರು ಮತ್ತೆ ಜೀವಂತರಾಗಿ ಏಳುವ ಪುನರುತ್ಥಾನಕ್ಕೂ ಸಿರಿಯಾಕ್ ಹೆಸರು ಅದೇ ಧಾತುವಿನ ಕ್ಯೊಮ್ತೋ. ಹಾಗಾಗಿ ಭಾನುವಾರ, ಕ್ರಿಸ್ತ ಸಮಾಧಿಯಿಂದ ಎದ್ದ ದಿನ, ಏಕೆ ನಿಂತೇ ಪ್ರಾರ್ಥಿಸಬೇಕು ಎಂದು ಸಿರಿಯಾಕ್ ಬಲ್ಲವರಿಗೆ ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ. ನಿಲ್ಲುವುದೆಂದರೆ ಎದ್ದವನ ಜೊತೆ ತಾನೂ ಏಳುವುದು. ನೆಲಕ್ಕೆ ಬಿದ್ದು ಏಳುವ ಪ್ರತಿ ಸಲವೂ ಸಾವು, ಮರುಹುಟ್ಟು ಎರಡನ್ನೂ ಮೈ ಒಮ್ಮೆ ಆಡಿ ತೋರಿಸುತ್ತದೆ.

ಈಸ್ಟರ್ ಆದ ಮೇಲೆ ಐವತ್ತು ದಿನ ನೆಲ ಮುಟ್ಟದ ಹಣೆ ಪಂಚಾಶತ್ತಮ ಹಬ್ಬದಂದು ಮತ್ತೆ ಮುಟ್ಟುತ್ತದೆ. ಅಂದು ಮೂರು ಭಾಗದ ವಿಶೇಷ ಮಂಡಿಯೂರುವ ಪ್ರಾರ್ಥನೆ ನಡೆದು, ಪಾದ್ರಿಗಳು ಜನರ ಮೇಲೆ ನೀರು ಚಿಮುಕಿಸುತ್ತಾರೆ. ಮಾರನೆಯ ದಿನದಿಂದ ವಾರದ ದಿನಗಳ ಸೆಗ್ದ್ತೋ ಮೊದಲಿನಂತೆ. ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸದಲ್ಲಿ ಮಾತ್ರ ಈ ಲೆಕ್ಕ ಏರುತ್ತದೆ. ಕೇರಳದ ಆರ್ಥೊಡಾಕ್ಸ್ ಇಗರ್ಜಿಗಳಲ್ಲಿ ಆ ದಿನಗಳ ಮಧ್ಯಾಹ್ನದ ಪ್ರಾರ್ಥನೆಗೆ 40 ಕುಂಬಿಡೀಲ್. ತೊಡೆ, ಸೊಂಟ, ಉಸಿರು ಎಲ್ಲವೂ ಕೆಲಸಕ್ಕೆ ಇಳಿಯುತ್ತವೆ. ಹಸಿದ ಹೊಟ್ಟೆಯಲ್ಲಿ ಇದನ್ನು ಮಾಡುವಾಗ ಮನಸ್ಸು ಅತ್ತಿತ್ತ ಓಡಲು ಜಾಗವೇ ಇರುವುದಿಲ್ಲ.

ಇದು ವಿಪರೀತಕ್ಕೆ ಹೋದ ಉದಾಹರಣೆಯೂ ಸಿರಿಯಾದಲ್ಲೇ ಇದೆ. ಅಲೆಪ್ಪೊ ಹತ್ತಿರ ಕಂಬದ ಮೇಲೆ ವರ್ಷಾನುಗಟ್ಟಲೆ ನಿಂತು ತಪಸ್ಸು ಮಾಡಿದ ಸಿಮೆಯೋನ್ 459ರಲ್ಲಿ ತೀರಿಕೊಂಡ. ಅವನು ಬದುಕಿದ್ದಾಗಲೇ ಹೋಗಿ ನೋಡಿದ ಸಿರ್ಹಸ್‌ನ ಬಿಷಪ್ ಥಿಯೊಡೊರೆಟ್ ಬರೆದಿಟ್ಟಿದ್ದಾನೆ: ಸಿಮೆಯೋನ್ ಬಾಗಿದಾಗ ಹಣೆ ಕಾಲ್ಬೆರಳಿಗೆ ತಾಗುತ್ತಿತ್ತು. ಬಿಷಪರ ಜೊತೆಗಿದ್ದವನೊಬ್ಬ ಬಾಗುವುದನ್ನು ಎಣಿಸತೊಡಗಿ 1,244ಕ್ಕೆ ದಣಿದು ಎಣಿಕೆ ಕೈಬಿಟ್ಟ. ಕಂಬದ ಮೇಲಿದ್ದವನು ನಿಲ್ಲಿಸಿರಲಿಲ್ಲ.

ಸಿಮೆಯೋನ್ ಬೆರಗು ಹುಟ್ಟಿಸುತ್ತಾನೆ. ಈ ಕ್ರಮ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕಾದರೆ ಮಾತ್ರ ನಿನೆವೆಯ ಐಸಾಕನನ್ನು ಕೇಳಬೇಕು. 7ನೇ ಶತಮಾನದವನು, ಇಂದಿನ ಕತಾರ್ ಸುತ್ತಲಿನ ಬೇತ್ ಕತ್ರಾಯೆ ಸೀಮೆಯಲ್ಲಿ ಹುಟ್ಟಿದವನು. ನಿನೆವೆಗೆ, ಅಂದರೆ ಇರಾಕಿನ ಮೊಸುಲ್ ಪ್ರದೇಶಕ್ಕೆ, ಅವನನ್ನು ಬಿಷಪ್ ಮಾಡಿದರು. ಐದೇ ತಿಂಗಳಲ್ಲಿ ಪದವಿ ಬಿಟ್ಟು ಬೆಟ್ಟದ ಏಕಾಂತಕ್ಕೆ ಹೋದ. ಓದಿ ಓದಿ ಮುಪ್ಪಿನಲ್ಲಿ ಕಣ್ಣು ಕಳೆದುಕೊಂಡ. ಅವನ ಬರಹದ ‘ಎರಡನೇ ಭಾಗ’ ಕಾಣೆಯಾಗಿತ್ತು. 1983ರಲ್ಲಿ ಸಿರಿಯಾಕ್ ವಿದ್ವಾಂಸ ಸೆಬಾಸ್ಟಿಯನ್ ಬ್ರಾಕ್ ಅವರು ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಅದರ ಹಸ್ತಪ್ರತಿ ಗುರುತಿಸಿದರು.

ಆ ಭಾಗದಲ್ಲಿ ಐಸಾಕ್ ಒಂದು ವಾದಕ್ಕೆ ಉತ್ತರ ಕೊಡುತ್ತಾನೆ. ನಾವು ಒಳಗೇ ಪ್ರಾರ್ಥಿಸುತ್ತೇವೆ, ನಮಗೆ ಬಾಗುವುದು ಬೀಳುವುದು ಬೇಡ ಎನ್ನುವವರು ಆಗಲೂ ಇದ್ದರು. ಹೊರಗಿನ ಗೌರವ ಬಿಟ್ಟವನು ಒಳಗಿನದನ್ನೂ ಕಳೆದುಕೊಳ್ಳುತ್ತಾನೆ ಎಂಬುದು ಐಸಾಕನ ಅನುಭವದ ಮಾತು. ಮೈಯ ವಿನಯದ ಬಗ್ಗೆ ತಾತ್ಸಾರ ಬಂದರೆ ಅಹಂಕಾರ ಒಳಗೆ ಬರಲು ಬಾಗಿಲು ತೆರೆಯಿತು ಎಂದೇ ಅವನು ಎಚ್ಚರಿಸುತ್ತಾನೆ. ಮುದಿತನ, ಕಾಯಿಲೆ ಇದ್ದವರ ಮಾತು ಬೇರೆ. ಅವರಿಗೆ ಶಕ್ತಿ ಇಲ್ಲ, ತಾತ್ಸಾರವಲ್ಲ.

ಮನಸ್ಸು ಪೂರ್ತಿ ಬರಡಾದ ದಿನಗಳ ಬಗ್ಗೆ ಅವನು ಕೊಡುವ ಸಲಹೆ ನನಗೆ ಅವನ ಎಲ್ಲ ಬರಹಕ್ಕಿಂತ ಹತ್ತಿರದ್ದು. ಕತ್ತಲು ಕವಿದಾಗ ಗಾಬರಿ ಬೀಳಬೇಡ, ಗುಡಿಸಲು ಬಿಟ್ಟು ಹೊರಗೆ ಓಡಬೇಡ, ನೆಲಕ್ಕೆ ಬಿದ್ದು ಪ್ರಾರ್ಥಿಸು ಎನ್ನುತ್ತಾನೆ. ಅದಕ್ಕೂ ಬಲವಿಲ್ಲದಿದ್ದರೆ ಮೇಲುಹೊದಿಕೆಯನ್ನು ತಲೆಗೆ ಸುತ್ತಿಕೊಂಡು ಆ ಹೊತ್ತು ಕಳೆಯುವವರೆಗೆ ಮಲಗಿಬಿಡು, ಆದರೆ ಜಾಗ ಮಾತ್ರ ಬಿಡಬೇಡ. ಮನಸ್ಸು ಒಪ್ಪುವವರೆಗೆ ಮೈ ಕಾಯಬೇಕಿಲ್ಲ. ಮೈಯನ್ನು ಅಲ್ಲೇ ಇರಿಸಿದರೆ ಮನಸ್ಸು ತನ್ನ ವೇಳೆಗೆ ಬಂದು ಸೇರುತ್ತದೆ. ಈ ಪದ್ಧತಿಯ ಮರ್ಮ ಇಲ್ಲಿದೆ. ಭಾವ ಬಂದ ಮೇಲೆ ಬಾಗುವುದಲ್ಲ, ಬಾಗಿ ಬಾಗಿ ಭಾವಕ್ಕೆ ದಾರಿ ಮಾಡುವುದು.

ಹಾಗೆಂದು ಸಿರಿಯಾಕ್ ಗುರುಗಳು ಒಳಗನ್ನು ಮರೆತವರಲ್ಲ. ಪರ್ಷಿಯಾದಲ್ಲಿದ್ದ ಅಫ್ರಾಹಾತ್ 337ರಿಂದ 345ರ ನಡುವಿನ ಕಾಲಕ್ಕೆ ಸೇರುವ 23 ಪ್ರಬಂಧಗಳನ್ನು ಬರೆದ. ನಾಲ್ಕನೆಯದು ಪ್ರಾರ್ಥನೆ ಕುರಿತದ್ದು. ಕೋಣೆಗೆ ಹೋಗಿ ಬಾಗಿಲು ಮುಚ್ಚಿ ಪ್ರಾರ್ಥಿಸು ಎಂದ ಯೇಸುವಿನ ಮಾತಿನಲ್ಲಿ ಕೋಣೆಯೆಂದರೆ ಎದೆ, ಬಾಗಿಲೆಂದರೆ ಬಾಯಿ ಎಂದು ಅವನು ಬಿಡಿಸಿದ. ಅಲ್ಲಿಗೇ ನಿಲ್ಲದೆ, ದಣಿದವನಿಗೆ ದಣಿವಾರಿಸುವುದೂ ಪ್ರಾರ್ಥನೆಯೇ ಎಂದ. ಕಷ್ಟದಲ್ಲಿ ಬಿದ್ದವನು ಎದುರಿಗಿರುವಾಗ ಪ್ರಾರ್ಥನೆಯ ಹೊತ್ತಾಯಿತು, ಮುಗಿಸಿ ಬರುತ್ತೇನೆ ಎಂದು ಹೋದರೆ ಅವನಿಗೆ ನೆರವಾಗುವ ಅವಕಾಶ ತಪ್ಪಿಹೋಗುತ್ತದೆ ಎಂದು ಎಚ್ಚರಿಸಿದ. ಇನ್ನೊಬ್ಬನ ಮೈಯ ಹಸಿವು, ದಣಿವು ಕೂಡ ಪ್ರಾರ್ಥನೆಯ ಲೆಕ್ಕಕ್ಕೆ ಬಂತು. ಇದೇ ಕಾಲದ ಆಸುಪಾಸಿನ ‘ಮೆಟ್ಟಿಲುಗಳ ಪುಸ್ತಕ’ ಮೂರು ಚರ್ಚುಗಳಿವೆ ಎನ್ನುತ್ತದೆ: ಕಣ್ಣಿಗೆ ಕಾಣುವ ಚರ್ಚ್, ಎದೆಯೊಳಗಿನ ಚರ್ಚ್, ಮೇಲಣ ಲೋಕದ ಚರ್ಚ್. ಮೊದಲನೆಯದನ್ನು ಹೀಗಳೆದವನಿಗೆ ಉಳಿದೆರಡಕ್ಕೆ ದಾರಿ ಇಲ್ಲ.

ಜನ ಸೇರಿ ಮಾಡುವ ಪೂಜೆಯಲ್ಲಿ ಕೈಗಳ ಪಾತ್ರ ಇನ್ನೂ ದೊಡ್ಡದು. ಪವಿತ್ರಾತ್ಮಕ್ಕೆ ಸಿರಿಯಾಕ್‌ನಲ್ಲಿ ರೂಹೋ ಎನ್ನುತ್ತಾರೆ. ಗಾಳಿಗೂ ಅದೇ ಪದ. ಆದಿಕಾಂಡದಲ್ಲಿ ದೇವರ ಆತ್ಮ ನೀರಿನ ಮೇಲೆ ಹಕ್ಕಿಯಂತೆ ತೂಗಾಡುತ್ತಿತ್ತು ಎಂಬ ಅರ್ಥದ ಮಾತಿದೆ. ಕುರ್ಬಾನಾ ಎಂಬ ಮುಖ್ಯ ಪೂಜೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸದ ಮೇಲೆ ಪವಿತ್ರಾತ್ಮವನ್ನು ಕರೆಯುವ ಗಳಿಗೆಯಲ್ಲಿ ಪಾದ್ರಿ ಎರಡೂ ಅಂಗೈಗಳನ್ನು ಅವುಗಳ ಮೇಲೆ ಹಿಡಿದು ರೆಕ್ಕೆ ಬಡಿದಂತೆ ಅಲುಗಾಡಿಸುತ್ತಾರೆ. ರುಹ್ಹೊಫೋ ಎಂಬುದು ಆ ಚಲನೆಯ ಹೆಸರು. ಸಮಾಧಾನ ಹಂಚುವಾಗಲೂ ಅಷ್ಟೆ. ಬಲಿಪೀಠದ ಬಳಿಯಿಂದ ಬಂದ ಕೈ ಒಬ್ಬರ ಜೋಡಿಸಿದ ಅಂಗೈಗಳನ್ನು ಸವರುತ್ತದೆ, ಅವರು ಪಕ್ಕದವರಿಗೆ ದಾಟಿಸುತ್ತಾರೆ, ಹೀಗೆ ಕೊನೆಯ ಸಾಲಿನವರೆಗೂ. ಕೇರಳದಲ್ಲಿ ಇದಕ್ಕೆ ಕೈಯಸೂರಿ ಎನ್ನುತ್ತಾರೆ. ಹಾಡೂ ಎರಡು ಗುಂಪಿನ ನಡುವೆ ಅತ್ತಿತ್ತ ಹೋಗುತ್ತದೆ, ಒಂದು ಗುಂಪು ಉಸಿರೆಳೆಯುವಾಗ ಇನ್ನೊಂದು ಹಾಡುತ್ತದೆ. 373ರಲ್ಲಿ ತೀರಿಕೊಂಡ ಸಿರಿಯಾಕ್ ಕವಿ ಎಫ್ರೇಮ್ ಏಳೇಳು ಅಕ್ಷರಘಟಕಗಳ ಸಾಲುಗಳಲ್ಲಿ, ಸರೂಗಿನ ಯಾಕೋಬ್ ಹನ್ನೆರಡರ ಸಾಲುಗಳಲ್ಲಿ ಬರೆದದ್ದು ಈ ಬಗೆಯ ಹಾಡುಗಾರಿಕೆಗೆ ಚೆನ್ನಾಗಿ ಒಗ್ಗಿತು.

ಉಸಿರಿನ ಲಯಕ್ಕೆ ಯೇಸುವಿನ ಹೆಸರನ್ನು ಕೂಡಿಸಿ, ತಲೆ ತಗ್ಗಿಸಿ ಕೂರುವ ವಿಧಾನದ ಬಗ್ಗೆ ಕೇಳಿದವರಿರಬಹುದು. ಅದನ್ನು ವಿವರವಾಗಿ ಬರೆದವರು 13, 14ನೇ ಶತಮಾನದ ಗ್ರೀಕ್ ಸನ್ಯಾಸಿಗಳು. ಆದಿ ಸಿರಿಯಾಕ್ ಕ್ರಮ ಅದಲ್ಲ. ಐಸಾಕನ ಬರಹ ಗ್ರೀಕಿಗೆ ಅನುವಾದವಾಗಿ ಆ ಸನ್ಯಾಸಿಗಳಿಗೆ ಪ್ರಿಯವಾಗಿತ್ತು ಎಂಬುದು ಮಾತ್ರ ನಿಜ.

ಕರ್ನಾಟಕದಲ್ಲಿ ಇದನ್ನು ನೋಡಬೇಕೆನ್ನುವವರಿಗೆ ಉಡುಪಿ ಜಿಲ್ಲೆಯ ಬ್ರಹ್ಮಾವರವಿದೆ. ಗೋವಾದ ಅಲ್ವಾರಿಸ್ ಮಾರ್ ಯೂಲಿಯೋಸ್ 1889ರಲ್ಲಿ ಕೇರಳದಲ್ಲಿ ಆರ್ಥೊಡಾಕ್ಸ್ ಬಿಷಪರಾದ ಮೇಲೆ, ಬ್ರಹ್ಮಾವರದ ಪಾದ್ರಿ ನೊರೊನ್ಹಾ ಮತ್ತು ಅಲ್ಲಿನ ಕೊಂಕಣಿ ಮಾತಿನ ಕುಟುಂಬಗಳು ಅವರನ್ನು ಸೇರಿದವು. ಮೊದಲು ಲ್ಯಾಟಿನ್ ಕ್ರಮದಲ್ಲೇ ಪೂಜೆ ನಡೆಯಿತು, ಮುಂದೆ ಪಶ್ಚಿಮ ಸಿರಿಯಾಕ್ ಕ್ರಮ ಬಂತು. ನೆಲ್ಯಾಡಿ, ಕಡಬ, ಬಾಳೆಹೊನ್ನೂರು, ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ನೆಲೆಸಿದವರ ಇಗರ್ಜಿಗಳೂ ಇವೆ. 1999ರಲ್ಲಿ ಬೆಳ್ತಂಗಡಿ, 2007ರಲ್ಲಿ ಭದ್ರಾವತಿ, 2010ರಲ್ಲಿ ಮಂಡ್ಯ ಧರ್ಮಪ್ರಾಂತ್ಯಗಳಾದವು. ಅವು ಪೂರ್ವ ಸಿರಿಯಾಕ್ ಪರಂಪರೆಯ ಸೀರೋ ಮಲಬಾರ್ ಕಥೋಲಿಕರವು, ಅವರ ಪೂಜಾಕ್ರಮ ಬೇರೆ.

ಆರ್ಥೊಡಾಕ್ಸ್ ಇಗರ್ಜಿಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡಬೇಕು. ಗಂಡಸರು ಒಂದು ಬದಿ, ಹೆಂಗಸರು ಇನ್ನೊಂದು ಬದಿ ನಿಲ್ಲುತ್ತಾರೆ, ಹೆಂಗಸರು ತಲೆಗೆ ಸೆರಗು ಹೊದೆಯುತ್ತಾರೆ. ಮದ್ಬಹಾ ಎಂಬ ಗರ್ಭಗುಡಿಯ ಮುಂದೆ ತೆರೆ ಇಳಿಬಿಟ್ಟಿರುತ್ತದೆ. ಭಾನುವಾರ ಹೋದರೆ ನಿಲ್ಲುವುದು, ಬಾಗುವುದು, ಕೈಯಸೂರಿ, ರುಹ್ಹೊಫೋ ಕಾಣಬಹುದು, ಕುಂಬಿಡೀಲ್ ಕಾಣುವುದಿಲ್ಲ. ಅದಕ್ಕೆ ದೊಡ್ಡ ಉಪವಾಸದ ವಾರದ ದಿನಗಳಲ್ಲಿ ಮಧ್ಯಾಹ್ನ ಹೋಗಬೇಕು, ಇಲ್ಲವೇ ಶುಭ ಶುಕ್ರವಾರ. ಅಂದು ಬೆಳಿಗ್ಗೆಯಿಂದ ಮಧ್ಯಾಹ್ನ ದಾಟುವವರೆಗೆ ಪ್ರಾರ್ಥನೆ ನಡೆಯುತ್ತದೆ. ಕೊನೆಗೆ ಶಿಲುಬೆಯ ಮೇಲೆ ಯೇಸುವಿಗೆ ಕೊಟ್ಟ ಹುಳಿಯ ನೆನಪಿಗೆ ಎಲ್ಲರಿಗೂ ಚೊರುಕ್ಕಾ ಎಂಬ ಕಹಿ ಪೇಯ ಒಂದು ಗುಟುಕು ಕೊಡುತ್ತಾರೆ. ಅಂದು ನಾಲಿಗೆಯೂ ಪ್ರಾರ್ಥನೆಗೆ ಸೇರುತ್ತದೆ.